ಎರಡು ಗಂಟೆಯ ಗಡುವು: ಪ್ರಭಾಕರನ್ ಮತ್ತು ಜಾಫ್ನಾದ ಮುಸ್ಲಿಮರು

1990ರ ಅಕ್ಟೋಬರ್ 30 ಎಂದೊಡನೆ ನಮ್ಮ ದೇಶದ ಮುಸ್ಲಿಮರಿಗೆ ನೆನಪಾಗುವುದು ಅಯೋಧ್ಯೆ. ಕರಸೇವಕರು ಬಾಬರಿ ಮಸೀದಿಯ ಗುಮ್ಮಟ ಹತ್ತಿದ ದಿನ ಅದು; ಪೊಲೀಸರು ಗೋಲಿಬಾರ್ ಮಾಡಿದ ದಿನ. ಕರ್ನಾಟಕದಲ್ಲಂತೂ ಆ ತಿಂಗಳ ಆರಂಭದಲ್ಲೇ ಚನ್ನಪಟ್ಟಣ, ರಾಮನಗರ, ದಾವಣಗೆರೆಗಳು ಹೊತ್ತಿ ಉರಿದಿದ್ದವು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಕುರ್ಚಿ ಕಳೆದುಕೊಂಡಿದ್ದರು. ಆಗ ನಾವಿನ್ನೂ ಶಾಲೆಯ ಮಕ್ಕಳು. ರೇಡಿಯೊ ಸುತ್ತ ಕೂತ ದೊಡ್ಡವರ ಮುಖ ನೋಡಿ ಸುಮ್ಮನಾಗುತ್ತಿದ್ದೆವೇ ಹೊರತು, ಸುದ್ದಿ ಏನೆಂದು ಕೇಳುವ ಧೈರ್ಯ ಇರಲಿಲ್ಲ.

ಅದೇ ದಿನ ಪಾಕ್ ಜಲಸಂಧಿಯ ಆಚೆ, ಶ್ರೀಲಂಕಾದ ಜಾಫ್ನಾ ನಗರದಲ್ಲಿ, ಬಂದೂಕುಧಾರಿ ಹುಡುಗರು ಮುಸ್ಲಿಮರ ಬೀದಿಗಳಲ್ಲಿ ಧ್ವನಿವರ್ಧಕ ಹಿಡಿದು ಸುತ್ತಿದರು. ಪ್ರತಿ ಮನೆಯಿಂದಲೂ ಒಬ್ಬರು ಉಸ್ಮಾನಿಯಾ ಕಾಲೇಜಿನ ಬಳಿಯ ಜಿನ್ನಾ ಮೈದಾನಕ್ಕೆ ಬರಬೇಕು ಎಂದು ಸಾರಿದರು. ಹೋದವರಿಗೆ ಅಲ್ಲಿ ತಿಳಿಸಿದ ವಿಷಯ ಇಷ್ಟೇ. ನೀವೆಲ್ಲ ಎರಡು ಗಂಟೆಯೊಳಗೆ ಜಾಫ್ನಾ ಬಿಟ್ಟು ಹೋಗಬೇಕು. ಯಾಕೆಂದು ಕೇಳಿದವರಿಗೆ ಉತ್ತರವಿಲ್ಲ. ಆಜ್ಞೆ ಮೇಲಿನಿಂದ ಬಂದಿದೆ.

ಎಲ್.ಟಿ.ಟಿ.ಇ.ಯಲ್ಲಿ 'ಮೇಲೆ' ಇದ್ದದ್ದು ಒಬ್ಬನೇ ಒಬ್ಬ. ವೇಲುಪಿಳ್ಳೈ ಪ್ರಭಾಕರನ್.

ಪ್ರಭಾಕರನ್ ಕುರಿತು ಕನ್ನಡದಲ್ಲಿ ಬಂದ ಬರಹಗಳು ಕಡಿಮೆಯೇನಿಲ್ಲ. ಬಹುಪಾಲು ರಾಜೀವ್ ಗಾಂಧಿ ಹತ್ಯೆಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಇನ್ನು ಕೆಲವು ಆತನನ್ನು ವೀರನೆಂದೋ ರಾಕ್ಷಸನೆಂದೋ ತೀರ್ಮಾನಿಸಿ ಕೈತೊಳೆದುಕೊಳ್ಳುತ್ತವೆ. ಆತನ ಜೀವನವನ್ನು ಜಿನ್ನಾ ಮೈದಾನದಲ್ಲಿ ನಿಂತವರ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದು ನಮ್ಮ ಕುತೂಹಲ.

ಪ್ರಭಾಕರನ್ ಹುಟ್ಟಿದ್ದು 1954ರ ನವೆಂಬರ್ 26ರಂದು. ಊರು ಜಾಫ್ನಾ ಪರ್ಯಾಯದ್ವೀಪದ ಉತ್ತರ ದಂಡೆಯ ವಲ್ವೆಟ್ಟಿತುರೈ. ಮೀನುಗಾರರ, ಹಡಗು ನಡೆಸುವವರ, ತಮಿಳುನಾಡಿಗೂ ಲಂಕೆಗೂ ನಡುವೆ ಕಳ್ಳಸಾಗಣೆ ಮಾಡುವವರ ಊರು ಅದು. ಆದರೆ ತಂದೆ ವೇಲುಪಿಳ್ಳೈ ಸರಕಾರಿ ನೌಕರ. ಜಮೀನು ಇಲಾಖೆಯ ಅಧಿಕಾರಿ, ಶಿಸ್ತಿನ ಮನುಷ್ಯ. ನಾಲ್ಕು ಮಕ್ಕಳಲ್ಲಿ ಕೊನೆಯವ ಪ್ರಭಾಕರನ್. ಓದಿನಲ್ಲಿ ಸಾಧಾರಣ. ಸುಭಾಷ್ ಚಂದ್ರ ಬೋಸ್, ಭಗತ್ ಸಿಂಗ್, ನೆಪೋಲಿಯನ್ ಇವರ ಕತೆಗಳೆಂದರೆ ಪ್ರಾಣ.

ಆ ಹುಡುಗ ಕಣ್ಣು ಬಿಡುವ ಹೊತ್ತಿಗೆ ಲಂಕೆಯ ತಮಿಳರ ಸ್ಥಿತಿ ಹದಗೆಡುತ್ತಿತ್ತು. 1956ರಲ್ಲಿ ಬಂಡಾರನಾಯಿಕೆ ಸರಕಾರ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ತಂದಿತು. 1958ರಲ್ಲಿ ತಮಿಳರ ಮೇಲೆ ಗಲಭೆ. 1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ತಮಿಳು ಮಾಧ್ಯಮದ ವಿದ್ಯಾರ್ಥಿಗಳು ಸಿಂಹಳ ಮಾಧ್ಯಮದವರಿಗಿಂತ ಹೆಚ್ಚು ಅಂಕ ಪಡೆಯಬೇಕೆಂಬ ನಿಯಮ ಬಂತು. ಜಾಫ್ನಾದ ಮಧ್ಯಮ ವರ್ಗಕ್ಕೆ ಓದು ಎಂದರೆ ಬದುಕು. ಆ ಬಾಗಿಲು ಮುಚ್ಚಿದಾಗ ಹುಡುಗರು ಬೀದಿಗೆ ಬಂದರು. ಗಾಂಧಿಮಾರ್ಗದ ಹಿರಿಯ ನಾಯಕ ಚೆಲ್ವನಾಯಕಂ ಅವರ ಸತ್ಯಾಗ್ರಹಗಳು, ಒಪ್ಪಂದಗಳು ಒಂದರ ಹಿಂದೊಂದು ಮುರಿದುಬಿದ್ದಿದ್ದನ್ನು ಈ ಹುಡುಗರು ನೋಡಿದ್ದರು. ಈ ಅನ್ಯಾಯ ಸುಳ್ಳಲ್ಲ, ಇದನ್ನು ಮರೆತು ಪ್ರಭಾಕರನ್ ಬಗ್ಗೆ ಮಾತಾಡುವುದು ಅಪ್ರಾಮಾಣಿಕತೆ.

1972ರಲ್ಲಿ ಹದಿನೆಂಟು ತುಂಬದ ಪ್ರಭಾಕರನ್ 'ತಮಿಳು ನವ ಹುಲಿಗಳು' ಎಂಬ ಸಣ್ಣ ಗುಂಪು ಕಟ್ಟಿದ. 1975ರ ಜುಲೈ 27ರಂದು ಪೊನ್ನಾಲೈನ ವರದರಾಜ ಪೆರುಮಾಳ್ ದೇವಸ್ಥಾನಕ್ಕೆ ಪೂಜೆಗೆಂದು ಬಂದ ಜಾಫ್ನಾ ಮೇಯರ್ ಆಲ್‌ಫ್ರೆಡ್ ದುರೈಅಪ್ಪಾ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅದು ಪ್ರಭಾಕರನ್ ಮಾಡಿದ ಮೊದಲ ದೊಡ್ಡ ಹತ್ಯೆ. ಗಮನಿಸಬೇಕಾದ ಸಂಗತಿ ಎಂದರೆ ಸತ್ತವನು ಸಿಂಹಳೀಯನಲ್ಲ, ತಮಿಳ. ಸರಕಾರದ ಪಕ್ಷದಲ್ಲಿದ್ದ ಕಾರಣಕ್ಕೆ 'ದ್ರೋಹಿ'. ಸತ್ತ ಜಾಗ ಪ್ರಾರ್ಥನೆಯ ಜಾಗ. ಮುಂದೆ ಹದಿನೈದು ವರ್ಷಗಳ ನಂತರ ಕಾತ್ತಾಂಕುಡಿಯ ಮಸೀದಿಗಳಲ್ಲಿ ನಡೆದುದರ ಒಂದು ಎಳೆ ಇಲ್ಲಿಯೇ ಇದೆ ಎಂದು ನಮಗೆ ಅನ್ನಿಸುತ್ತದೆ.

1976ರ ಮೇ 5ರಂದು ಗುಂಪಿಗೆ ಹೊಸ ಹೆಸರು: ತಮಿಳ್ ಈಳಂ ವಿಮೋಚನಾ ಹುಲಿಗಳು. ಕೆಲವೇ ದಿನಗಳಲ್ಲಿ ತಮಿಳು ರಾಜಕೀಯ ಪಕ್ಷಗಳು ವಟ್ಟುಕೋಟ್ಟೈನಲ್ಲಿ ಸೇರಿ ಪ್ರತ್ಯೇಕ ರಾಷ್ಟ್ರದ ಗೊತ್ತುವಳಿ ಅಂಗೀಕರಿಸಿದವು. 1981ರಲ್ಲಿ ಜಾಫ್ನಾ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕಗಳು, ತಾಳೆಗರಿಗಳು ಬೂದಿಯಾದವು. 1983ರ ಜುಲೈ 23ರಂದು ಹುಲಿಗಳ ದಾಳಿಯಲ್ಲಿ 13 ಸೈನಿಕರು ಸತ್ತರು. ಅದಕ್ಕೆ ಪ್ರತಿಯಾಗಿ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳನ್ನು ಮತದಾರರ ಪಟ್ಟಿ ಹಿಡಿದು ಹುಡುಕಿ ಸುಟ್ಟರು. ಜೈಲಿನಲ್ಲಿದ್ದ ತಮಿಳು ಕೈದಿಗಳನ್ನೂ ಬಿಡಲಿಲ್ಲ. 'ಕಪ್ಪು ಜುಲೈ' ಎಂದು ಕರೆಯುವ ಆ ವಾರದವರೆಗೆ ಹುಲಿಗಳ ಸಂಖ್ಯೆ ಬೆರಳೆಣಿಕೆಯಷ್ಟು. ಆ ವಾರದ ನಂತರ ಸಾವಿರ ಸಾವಿರ ಹುಡುಗರು. ಅವರಿಗೆ ತರಬೇತಿ ಕೊಟ್ಟದ್ದು, ಶಸ್ತ್ರ ಕೊಟ್ಟದ್ದು ನಮ್ಮದೇ ದೇಶ.

ಮುಂದಿನದು ತಿಳಿದ ಕತೆ. 1986ರಲ್ಲಿ ಟೆಲೋ ಎಂಬ ಸೋದರ ಸಂಘಟನೆಯ ನಾಯಕ ಶ್ರೀ ಸಬಾರತ್ನಂ ಮತ್ತವನ ಹುಡುಗರನ್ನು ಹುಲಿಗಳು ಜಾಫ್ನಾದ ಬೀದಿಗಳಲ್ಲೇ ಮುಗಿಸಿದರು. 1987ರಲ್ಲಿ ರಾಜೀವ್ ಗಾಂಧಿ-ಜಯವರ್ಧನೆ ಒಪ್ಪಂದ, ಶಾಂತಿಪಾಲನಾ ಪಡೆ, ಆ ಪಡೆಯೊಂದಿಗೇ ಯುದ್ಧ. ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ನಮ್ಮ ಸೇನೆ ಮರಳಿತು. ಉತ್ತರ ಲಂಕೆ ಪ್ರಭಾಕರನ್ ಕೈಗೆ ಬಂತು. ಪ್ರಶ್ನಿಸುವವರು ಯಾರೂ ಉಳಿದಿರಲಿಲ್ಲ. ಹುಲಿಗಳ ತಪ್ಪನ್ನೂ ಸೇನೆಯ ತಪ್ಪನ್ನೂ ಒಂದೇ ಪುಸ್ತಕದಲ್ಲಿ ದಾಖಲಿಸುತ್ತಿದ್ದ ಜಾಫ್ನಾ ವಿಶ್ವವಿದ್ಯಾಲಯದ ವೈದ್ಯಕೀಯ ಅಧ್ಯಾಪಕಿ ರಜನಿ ತಿರಣಗಮ 1989ರ ಸೆಪ್ಟೆಂಬರ್ 21ರಂದು ಸೈಕಲ್‌ನಲ್ಲಿ ಮನೆಗೆ ಹೋಗುವಾಗ ಗುಂಡಿಗೆ ಬಲಿಯಾಗಿದ್ದರು.

ಈಗ ಮುಸ್ಲಿಮರ ವಿಷಯಕ್ಕೆ ಬರೋಣ.

ಶ್ರೀಲಂಕಾದ ಮುಸ್ಲಿಮರು ಅರಬ್ ವರ್ತಕರ ಸಂತತಿ ಎಂದು ತಮ್ಮನ್ನು ಗುರುತಿಸಿಕೊಳ್ಳುತ್ತಾರೆ. ಆದರೆ ಉತ್ತರ ಮತ್ತು ಪೂರ್ವದಲ್ಲಿ ಅವರ ಮನೆಮಾತು ತಮಿಳೇ. ನಮ್ಮ ಕರಾವಳಿಯ ಬ್ಯಾರಿಗಳಂತೆ ಅವರೂ ಮಸೀದಿಗೆ 'ಪಳ್ಳಿ' ಎನ್ನುತ್ತಾರೆ. ಅರಬಿ ಲಿಪಿಯಲ್ಲಿ ತಮಿಳು ಬರೆಯುವ 'ಅರ್ವಿ' ಸಂಪ್ರದಾಯ ಅವರದು. ತಮಿಳು ಶಾಲೆಗಳಲ್ಲಿ ಓದಿದವರು, ತಮಿಳಿನಲ್ಲೇ ಕವಿತೆ ಕತೆ ಬರೆದವರು.

ಹಾಗಾದರೆ ಅವರು ತಮಿಳರೇ? ಈ ಪ್ರಶ್ನೆ ಹೊಸದಲ್ಲ. 1888ರಲ್ಲಿ ತಮಿಳು ಮುಖಂಡ ಪೊನ್ನಂಬಲಂ ರಾಮನಾಥನ್ ಅವರು ಲಂಕೆಯ ಮೂರರು, ಅಂದರೆ ಮುಸ್ಲಿಮರು, ಮತಾಂತರಗೊಂಡ ತಮಿಳರೇ ಎಂದು ವಾದಿಸಿದರು. ಶಾಸನಸಭೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಪ್ರತಿನಿಧಿ ಬೇಕೋ ಬೇಡವೋ ಎಂಬ ಚರ್ಚೆಯ ಕಾಲ ಅದು. ಐ.ಎಲ್.ಎಂ. ಅಬ್ದುಲ್ ಅಝೀಝ್ ಇದಕ್ಕೆ ಉತ್ತರವಾಗಿ 1907ರಲ್ಲಿ ಬರೆದರು. 1915ರಲ್ಲಿ ಸಿಂಹಳೀಯರು ಮುಸ್ಲಿಮರ ಮೇಲೆ ದಾಳಿ ಮಾಡಿದಾಗ ಅದೇ ರಾಮನಾಥನ್, ಬ್ರಿಟಿಷರ ದಮನಕ್ಕೆ ಸಿಕ್ಕಿದ ಸಿಂಹಳ ನಾಯಕರ ಪರ ವಾದಿಸಿದರು. ಇದನ್ನು ಮುಸ್ಲಿಮರು ಮರೆಯಲಿಲ್ಲ. ನೀವೂ ನಮ್ಮವರೇ ಎಂದು ಹೇಳಿದವರು ಕಷ್ಟಕಾಲದಲ್ಲಿ ಎಲ್ಲಿದ್ದರು ಎಂಬ ಪ್ರಶ್ನೆ ಅವರ ನೆನಪಿನಲ್ಲಿ ಉಳಿಯಿತು.

ಆದರೂ 1980ರ ದಶಕದ ಆರಂಭದಲ್ಲಿ ಮುಸ್ಲಿಂ ಯುವಕರು ತಮಿಳು ಸಂಘಟನೆಗಳಿಗೆ ಸೇರಿದರು. ಹುಲಿಗಳಲ್ಲೂ ಇದ್ದರು. ಆಗ ಹೋರಾಟದ ಭಾಷೆಯಲ್ಲಿ 'ತಮಿಳು ಮಾತನಾಡುವ ಜನ' ಎಂಬ ಮಾತು ಚಾಲ್ತಿಯಲ್ಲಿತ್ತು. ಅದರಲ್ಲಿ ಮುಸ್ಲಿಮರಿಗೂ ಜಾಗವಿತ್ತು, ಕನಿಷ್ಠ ಕಾಗದದ ಮೇಲಾದರೂ.

ಪೂರ್ವದಲ್ಲಿ ಲೆಕ್ಕ ಬೇರೆಯೇ ಇತ್ತು. ಅಲ್ಲಿ ತಮಿಳರು, ಮುಸ್ಲಿಮರು, ಸಿಂಹಳೀಯರು ಹೆಚ್ಚುಕಡಿಮೆ ಮೂರು ಪಾಲು. ಉತ್ತರ-ಪೂರ್ವ ಸೇರಿಸಿ ಒಂದು ರಾಜ್ಯವಾದರೆ ಮೂರನೆಯ ಒಂದು ಭಾಗವಾಗಿದ್ದ ಮುಸ್ಲಿಮರು ಒಮ್ಮೆಲೇ ಸಣ್ಣ ಗುಂಪಾಗುತ್ತಾರೆ. 1987ರ ಒಪ್ಪಂದ ಎರಡೂ ಪ್ರಾಂತ್ಯಗಳನ್ನು ಸೇರಿಸಿತು. ಮುಸ್ಲಿಮರನ್ನು ಯಾರೂ ಕೇಳಲಿಲ್ಲ. ದಿಲ್ಲಿಯೂ ಕೇಳಲಿಲ್ಲ, ಕೊಲಂಬೊವೂ ಕೇಳಲಿಲ್ಲ. ಎಂ.ಎಚ್.ಎಂ. ಅಶ್ರಫ್ ಅವರ ಶ್ರೀಲಂಕಾ ಮುಸ್ಲಿಂ ಕಾಂಗ್ರೆಸ್ ಪೂರ್ವದಲ್ಲಿ ಬೆಳೆದದ್ದು ಈ ಸಿಟ್ಟಿನಿಂದ. ಸರಕಾರ ಈ ಬಿರುಕನ್ನು ಚೆನ್ನಾಗಿ ಬಳಸಿಕೊಂಡಿತು. ಮುಸ್ಲಿಂ ಯುವಕರಿಗೆ ಬಂದೂಕು ಕೊಟ್ಟು ಗೃಹರಕ್ಷಕರನ್ನಾಗಿ ಮಾಡಿತು. ಆ ಗೃಹರಕ್ಷಕರು ಅಂಪಾರೈ ಜಿಲ್ಲೆಯಲ್ಲಿ ತಮಿಳು ಹಳ್ಳಿಗರನ್ನು ಕೊಂದ ಘಟನೆಗಳಿವೆ. ಇದನ್ನು ಮುಚ್ಚಿಟ್ಟು ಬರೆಯುವುದು ನಮಗೆ ಸಾಧ್ಯವಿಲ್ಲ. ನಮ್ಮ ಪತ್ರಿಕೆಗಳಲ್ಲಿ ಇಂಥ ಸಂಗತಿಗಳನ್ನು ಒಂದು ಸಾಲಿನಲ್ಲಿ ಮುಗಿಸುವ ಚಾಳಿ ಇದೆ, ನಾವೂ ಅದಕ್ಕೆ ಹೊರತಲ್ಲ.

1990ರ ಜೂನ್‌ನಲ್ಲಿ ಹುಲಿಗಳು ಮತ್ತು ಸರಕಾರದ ನಡುವೆ ಮತ್ತೆ ಯುದ್ಧ ಹತ್ತಿಕೊಂಡಿತು. ಪೂರ್ವದಲ್ಲಿ ಶರಣಾದ ನೂರಾರು ಪೊಲೀಸರನ್ನು ಹುಲಿಗಳು ಸಾಲಾಗಿ ನಿಲ್ಲಿಸಿ ಕೊಂದರು. ಅವರಲ್ಲಿ ಸಿಂಹಳೀಯರೂ ಮುಸ್ಲಿಮರೂ ಇದ್ದರು. ಜುಲೈನಲ್ಲಿ ಕುರುಕ್ಕಳ್‌ಮಡಂ ಬಳಿ ಕಾತ್ತಾಂಕುಡಿಯತ್ತ ಬರುತ್ತಿದ್ದ ಮುಸ್ಲಿಮರನ್ನು ವಾಹನಗಳಿಂದ ಇಳಿಸಿ ಒಯ್ದರು. ಅವರಲ್ಲಿ ಹಜ್ ಮುಗಿಸಿ ಮನೆಗೆ ಮರಳುತ್ತಿದ್ದವರೂ ಇದ್ದರು. ಯಾರೂ ಮನೆ ಸೇರಲಿಲ್ಲ.

ಆಗಸ್ಟ್ 3, ಶುಕ್ರವಾರ. ಕಾತ್ತಾಂಕುಡಿ ಮಟ್ಟಕ್ಕಳಪ್ಪಿನ ದಕ್ಷಿಣಕ್ಕಿರುವ, ಬಹುತೇಕ ಮುಸ್ಲಿಮರೇ ಇರುವ ಊರು. ಇಶಾ ನಮಾಝಿಗೆ ಜನ ಸಾಲುಗಟ್ಟಿ ನಿಂತಿದ್ದಾಗ ಮೀರಾ ಜುಮಾ ಮಸೀದಿ ಮತ್ತು ಹುಸೈನಿಯಾ ಮಸೀದಿಗಳಿಗೆ ಹುಲಿಗಳು ನುಗ್ಗಿದರು. ಹಿಂದಿನಿಂದ ಗುಂಡು. ಸಜ್ದಾದಲ್ಲಿದ್ದವರು ಸಜ್ದಾದಲ್ಲೇ ಉಳಿದರು. ನೂರಕ್ಕೂ ಹೆಚ್ಚು ಜನ ಸತ್ತರು. ತಂದೆಯ ಪಕ್ಕದಲ್ಲಿ ನಿಂತಿದ್ದ ಮಕ್ಕಳೂ ಅವರಲ್ಲಿದ್ದರು. ಗುಂಡಿನ ತೂತುಗಳನ್ನು ಆ ಮಸೀದಿಯ ಗೋಡೆಯಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಒಂದು ವಾರದ ನಂತರ ಏರಾವೂರಿನಲ್ಲಿ ರಾತ್ರಿ ಮನೆಗಳಿಗೆ ನುಗ್ಗಿದರು. ಅಲ್ಲೂ ನೂರಕ್ಕೂ ಹೆಚ್ಚು.

ಈ ಸುದ್ದಿ ಮುಸ್ಲಿಂ ಜಗತ್ತನ್ನು ತಲುಪಲೇ ಇಲ್ಲ ಎನ್ನಬಹುದು. ಕಾತ್ತಾಂಕುಡಿಯ ಹಿಂದಿನ ದಿನವಷ್ಟೇ, ಆಗಸ್ಟ್ 2ರಂದು, ಸದ್ದಾಮ್ ಹುಸೇನನ ಸೇನೆ ಕುವೈತಿಗೆ ನುಗ್ಗಿತ್ತು. ಎಲ್ಲರ ಕಣ್ಣು ಕೊಲ್ಲಿಯ ಮೇಲೆ. ಅಕ್ಟೋಬರ್‌ನಲ್ಲಿ ನಮ್ಮ ಕಣ್ಣು ಅಯೋಧ್ಯೆಯ ಮೇಲೆ. ಸಣ್ಣ ಜನರ ದುರಂತಗಳಿಗೆ ಒಳ್ಳೆಯ ತಾರೀಕು ಸಿಗುವುದೂ ಕಷ್ಟ.

ಉತ್ತರದಲ್ಲಿ ಮುಸ್ಲಿಮರು ನೂರಕ್ಕೆ ಐದರಷ್ಟು ಮಾತ್ರ. ಅವರಿಗೆ ರಾಜಕೀಯ ಬಲವಿರಲಿಲ್ಲ, ಗೃಹರಕ್ಷಕರಿರಲಿಲ್ಲ, ಬಂದೂಕೂ ಇರಲಿಲ್ಲ. ಜಾಫ್ನಾ ನಗರದಲ್ಲಿ ಅವರು ದರ್ಜಿಗಳು, ಕಬ್ಬಿಣದ ಅಂಗಡಿಯವರು, ಚಿನ್ನದ ವ್ಯಾಪಾರಿಗಳು, ಕಟುಕರು, ಮೇಷ್ಟ್ರುಗಳು. ಪೂರ್ವದ ಜಗಳ ಇಲ್ಲಿಗೆ ಬರುವುದಿಲ್ಲವೆಂದೇ ನಂಬಿದ್ದರು. ಬಂತು. ಅಕ್ಟೋಬರ್ ನಡುವಿನಲ್ಲಿ ಚಾವಕಚ್ಚೇರಿಯಿಂದ ಆರಂಭಿಸಿದರು. ನಂತರ ಮನ್ನಾರ್, ಮುಲ್ಲೈತೀವು, ಕಿಳಿನೊಚ್ಚಿ, ವವುನಿಯಾದ ಹಳ್ಳಿಗಳು. ಮನ್ನಾರ್ ದ್ವೀಪದವರನ್ನು ದೋಣಿಗಳಲ್ಲಿ ತುಂಬಿ ಕಲ್ಪಿಟಿಯ ತೀರಕ್ಕೆ ಸಾಗಿಸಲಾಯಿತು. ಎರಡು ವಾರದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಇಡೀ ಪ್ರಾಂತ್ಯದಲ್ಲಿ ಹುಲಿಗಳ ಹಿಡಿತವಿದ್ದಲ್ಲೆಲ್ಲ ಒಂದು ಮುಸ್ಲಿಂ ಮನೆಯೂ ಉಳಿಯಲಿಲ್ಲ.

ಜಾಫ್ನಾ ನಗರದವರಿಗೆ ಸಿಕ್ಕಿದ್ದು ಎಲ್ಲರಿಗಿಂತ ಕಡಿಮೆ ಸಮಯ, ಆ ಎರಡು ಗಂಟೆ. ಹೊರಹೋಗುವ ದಾರಿಯಲ್ಲಿ ತಪಾಸಣೆ. ಕೈಯಲ್ಲಿದ್ದ ಹಣದಲ್ಲಿ ಕೆಲವು ನೂರು ರೂಪಾಯಿ ಬಿಟ್ಟು ಉಳಿದುದನ್ನೆಲ್ಲ ಕಿತ್ತುಕೊಂಡರು. ಬಳೆ, ಸರ, ಕಿವಿಯ ಓಲೆ ಬಿಚ್ಚಿಸಿದರು. ಮನೆಯ ಪತ್ರಗಳನ್ನೂ ಬಿಡಲಿಲ್ಲ. ಪಕ್ಕದ ಮನೆಯ ತಮಿಳು ಹೆಂಗಸರು ಬಾಗಿಲಲ್ಲಿ ನಿಂತು ಅತ್ತರೆಂದು ಹೊರಟು ಬಂದವರೇ ಹೇಳುತ್ತಾರೆ. ಅಳುವುದಕ್ಕಿಂತ ಹೆಚ್ಚಿನದು ಆ ಹೆಂಗಸರಿಗೂ ಸಾಧ್ಯವಿರಲಿಲ್ಲ. ಹುಲಿಗಳನ್ನು ಎದುರಿಸಿದ ತಮಿಳರಿಗೆ ಏನಾಗುತ್ತದೆಂದು ಇಡೀ ಊರಿಗೆ ಗೊತ್ತಿತ್ತು.

ಉರ್ದು ಬಲ್ಲ ನಾವು ಇಂಥ ವಿಷಯ ಬಂದಾಗ ಥಟ್ಟನೆ 'ಹಿಜರತ್' ಎಂಬ ಪದಕ್ಕೆ ಕೈಹಾಕುತ್ತೇವೆ. ಇಲ್ಲಿ ಅದು ಸರಿಹೊಂದುವುದಿಲ್ಲ. ಹಿಜರತ್‌ನಲ್ಲಿ ಹೋಗುವವನ ನಿರ್ಧಾರವೂ ಇರುತ್ತದೆ, ಹೋಗುವ ಕಡೆ ಅನ್ಸಾರಿಗಳ ಸ್ವಾಗತವೂ ಇರುತ್ತದೆ. ಪುತ್ತಳಂನ ಮುಸ್ಲಿಮರು ಮೊದಲ ದಿನಗಳಲ್ಲಿ ಮಸೀದಿ, ಶಾಲೆ, ತೆಂಗಿನ ತೋಟಗಳನ್ನೆಲ್ಲ ತೆರೆದುಕೊಟ್ಟರು, ಅನ್ನ ಕೊಟ್ಟರು. ಆದರೆ ಅವರೂ ಬಡವರು. ವರ್ಷ ಕಳೆದಂತೆ ಕೂಲಿ ಕೆಲಸಕ್ಕೆ, ನೀರಿಗೆ, ಶಾಲೆಯ ಸೀಟಿಗೆ ಪೈಪೋಟಿ ಶುರುವಾಯಿತು. ಉತ್ತರದಿಂದ ಬಂದವರನ್ನು 'ಅಗದಿ' ಎಂದೇ ಕರೆಯತೊಡಗಿದರು. ತಮಿಳಿನಲ್ಲಿ ನಿರಾಶ್ರಿತ ಎಂದರ್ಥ. ತೆಂಗಿನಗರಿಯ ಗುಡಿಸಿಲಲ್ಲಿ ಹುಟ್ಟಿದ ಮಗುವೂ ಅಗದಿ.

ಇಷ್ಟಕ್ಕೂ ಪ್ರಭಾಕರನ್ ಯಾಕೆ ಹೀಗೆ ಮಾಡಿದ? ಮುಸ್ಲಿಮರು ಸೇನೆಗೆ ಮಾಹಿತಿ ಕೊಡುತ್ತಾರೆ ಎಂಬ ಅನುಮಾನ, ಪೂರ್ವದ ದಳಪತಿಗಳ ಒತ್ತಾಯ, ಸಿಟ್ಟು ಹೊತ್ತ ತಮಿಳರಿಂದ ಮುಸ್ಲಿಮರನ್ನು ರಕ್ಷಿಸಲೆಂದೇ ಕಳಿಸಿದೆವು ಎಂಬ ವಿಚಿತ್ರ ಸಮರ್ಥನೆ, ಹೀಗೆ ನಾನಾ ಕಾರಣಗಳು ಕೇಳಿಬಂದಿವೆ. 2004ರಲ್ಲಿ ಪೂರ್ವದ ದಳಪತಿ ಕರುಣಾ ಸಂಘಟನೆ ಬಿಟ್ಟ ಮೇಲೆ ಹೊಣೆಯನ್ನೆಲ್ಲ ಅವನ ತಲೆಗೆ ಕಟ್ಟುವುದು ಸುಲಭವಾಯಿತು. ಆದರೆ ಒಬ್ಬ ಹುಲಿ ಮದುವೆಯಾಗಲೂ ನಾಯಕನ ಅನುಮತಿ ಬೇಕಿದ್ದ ಸಂಘಟನೆಯಲ್ಲಿ, ಐದು ಜಿಲ್ಲೆಗಳಿಂದ ಒಂದು ಸಮುದಾಯವನ್ನೇ ಹೊರಹಾಕುವ ಕೆಲಸ ಆತನ ಒಪ್ಪಿಗೆಯಿಲ್ಲದೆ ನಡೆಯಿತೆಂದರೆ ನಂಬುವವರಾರು?

ನಮಗನ್ನಿಸುವುದು ಬೇರೆ. ಪ್ರಭಾಕರನ್‌ಗೆ ಜನ ಎಂದರೆ ಒಂದೇ ದೇಹ, ಒಂದೇ ದನಿ. ಟೆಲೋದವರು ಬೇರೆ ದನಿಯಲ್ಲಿ ಮಾತನಾಡಿದರು, ಸತ್ತರು. ರಜನಿ ಬೇರೆ ಪುಸ್ತಕ ಬರೆದರು, ಸತ್ತರು. ಅದೇ ತಮಿಳು ಆಡುತ್ತ, ಆದರೆ ತಾವು ತಮಿಳರಷ್ಟೇ ಅಲ್ಲ ಎನ್ನುತ್ತಿದ್ದ ಮುಸ್ಲಿಮರು ಆ ಕಲ್ಪನೆಗೆ ಎಲ್ಲರಿಗಿಂತ ದೊಡ್ಡ ತೊಡಕು. ಸಿಂಹಳೀಯ ಶತ್ರು, ಅವನ ಜಾಗ ಸ್ಪಷ್ಟ. ಮುಸ್ಲಿಮನ ಜಾಗ ಎಲ್ಲಿ?

ಇದನ್ನು ಬರೆಯುವಾಗ ನಮ್ಮ ಮನಸ್ಸು ಮತ್ತೆ ಮತ್ತೆ ಇತ್ತ ಬರುತ್ತದೆ. ಕರ್ನಾಟಕದ ಬಹುಪಾಲು ಮುಸ್ಲಿಮರ ಮನೆಮಾತು ಉರ್ದು. ಅದೇ ಕಾರಣಕ್ಕೆ ನೀವು ಕನ್ನಡಿಗರಲ್ಲ ಎಂಬ ಮಾತನ್ನು ಕೇಳುತ್ತಲೇ ಬೆಳೆದಿದ್ದೇವೆ. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಗಾಗಿ ಬೆಂಗಳೂರಿನಲ್ಲಿ ಹೆಣ ಬಿದ್ದವು. ಆಗ ನಮ್ಮ ಕೆಲವು ಹಿತೈಷಿಗಳು, ಮುಸ್ಲಿಮರು ಮನೆಯಲ್ಲೂ ಕನ್ನಡ ಮಾತನಾಡಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದರು. ಜಾಫ್ನಾದವರು ಮನೆಯಲ್ಲಿ, ಮಸೀದಿಯಲ್ಲಿ, ಕನಸಿನಲ್ಲಿ ತಮಿಳನ್ನೇ ಆಡುತ್ತಿದ್ದರು. ಜಿನ್ನಾ ಮೈದಾನದಲ್ಲಿ ಅವರಿಗೆ ಹೊರಡಿ ಎಂದದ್ದೂ ತಮಿಳಿನಲ್ಲೇ.

ಅದರ ಮರುವರ್ಷ, 1991ರ ಮೇ 21ರಂದು, ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಸಂಚಿನ ಮುಖ್ಯಸ್ಥ ಶಿವರಾಸನ್ ಮತ್ತು ಸಂಗಡಿಗರು ಆಗಸ್ಟ್ 20ರ ಬೆಳಗಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶವವಾಗಿ ಸಿಕ್ಕರು. ಕನ್ನಡಿಗರಿಗೆ ಸಯನೈಡ್ ಎಂಬ ಪದ ಪರಿಚಯವಾದದ್ದು ಆಗಲೇ. ಅಲ್ಲಿಂದಾಚೆ ತಮಿಳುನಾಡಿನ ಬಾಗಿಲೂ ಪ್ರಭಾಕರನ್‌ಗೆ ಮುಚ್ಚಿತು. 1993ರಲ್ಲಿ ಅಧ್ಯಕ್ಷ ಪ್ರೇಮದಾಸ, 1999ರಲ್ಲಿ ತಮಿಳು ನ್ಯಾಯವಾದಿ ನೀಲನ್ ತಿರುಚೆಲ್ವಂ, ಪಟ್ಟಿ ಬೆಳೆಯುತ್ತಲೇ ಹೋಯಿತು.

ಇಲ್ಲಿ ಒಂದು ತಾರೀಕನ್ನು ಮಾತ್ರ ನಿಲ್ಲಿಸಿ ನೋಡಬೇಕು. 1995ರಲ್ಲಿ ಚಂದ್ರಿಕಾ ಕುಮಾರತುಂಗ ಸರಕಾರದ ಸೇನೆ ಜಾಫ್ನಾ ನಗರದತ್ತ ನುಗ್ಗಿತು. ನಗರ ಉಳಿಯುವುದಿಲ್ಲವೆಂದು ಖಚಿತವಾದಾಗ ಹುಲಿಗಳು ಮತ್ತೆ ಧ್ವನಿವರ್ಧಕ ಹಿಡಿದರು. ಜನರೆಲ್ಲ ಕೂಡಲೇ ಊರು ಬಿಡಬೇಕು. ಈ ಸಲ ಹೊರಡಬೇಕಾದವರು ತಮಿಳರು. ಮಳೆಯಲ್ಲಿ, ಕತ್ತಲಲ್ಲಿ, ಚೆಮ್ಮಣಿಯ ಇಕ್ಕಟ್ಟು ದಾರಿಯಲ್ಲಿ, ಮುದುಕರನ್ನು ಸೈಕಲ್ ಮೇಲೆ ಕೂರಿಸಿಕೊಂಡು, ಲಕ್ಷಾಂತರ ಜನ ಚಾವಕಚ್ಚೇರಿಯತ್ತ ನಡೆದರು. ಆ ದಿನ ಅಕ್ಟೋಬರ್ 30. ಮುಸ್ಲಿಮರನ್ನು ಹೊರಹಾಕಿ ಸರಿಯಾಗಿ ಐದು ವರ್ಷ. ಇದನ್ನು ದೇವರ ನ್ಯಾಯ ಎಂದವರಿದ್ದಾರೆ. ನಮಗೆ ಆ ಮಾತು ಹಿಡಿಸುವುದಿಲ್ಲ. ಆ ರಾತ್ರಿ ನಡೆದವರಲ್ಲಿ, ಐದು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ಅತ್ತ ಹೆಂಗಸರೂ ಇದ್ದಿರಬೇಕು.

2002ರ ಫೆಬ್ರವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಕದನವಿರಾಮವಾಯಿತು. ಏಪ್ರಿಲ್ 10ರಂದು ಕಿಳಿನೊಚ್ಚಿಯಲ್ಲಿ ಪ್ರಭಾಕರನ್ ಪತ್ರಕರ್ತರನ್ನು ಎದುರಿಸಿದ. ಜಗತ್ತಿನ ಎಲ್ಲೆಡೆಯಿಂದ ನೂರಾರು ವರದಿಗಾರರು ಬಂದಿದ್ದರು. ಸಮವಸ್ತ್ರವಿಲ್ಲ, ಸಫಾರಿ ಸೂಟು, ತುಸು ದಪ್ಪಗಾಗಿದ್ದ ದೇಹ. ಬಹುಪಾಲು ಉತ್ತರಗಳನ್ನು ಕೊಟ್ಟದ್ದು ಪಕ್ಕದಲ್ಲಿ ಕುಳಿತಿದ್ದ ಆಂಟನ್ ಬಾಲಸಿಂಗಂ. ರಾಜೀವ್ ಹತ್ಯೆಯ ಬಗ್ಗೆ ಕೇಳಿದಾಗ ಅದೊಂದು ದುರಂತ ಘಟನೆ ಎಂದಷ್ಟೇ ಹೇಳಿ ಮುಂದೆ ಹೋದರು. ಮುಸ್ಲಿಮರ ಪ್ರಶ್ನೆಯೂ ಬಂತು. ಹಿಂದಿನದನ್ನು ಕ್ಷಮಿಸಿ ಮರೆಯೋಣ, ತಮಿಳರ ತಾಯ್ನೆಲ ಮುಸ್ಲಿಮರದೂ ಹೌದು ಎಂಬರ್ಥದ ಮಾತುಗಳನ್ನು ಬಾಲಸಿಂಗಂ ಆಡಿದರು. ಮೂರು ದಿನಗಳ ನಂತರ ಮುಸ್ಲಿಂ ಕಾಂಗ್ರೆಸ್ ನಾಯಕ ರವೂಫ್ ಹಕೀಮ್ ಅವರೊಂದಿಗೆ ಪ್ರಭಾಕರನ್ ಒಪ್ಪಂದಕ್ಕೆ ಸಹಿ ಹಾಕಿದ. ಉತ್ತರದ ಮುಸ್ಲಿಮರು ಮರಳಬಹುದು ಎಂಬುದು ಅದರಲ್ಲಿತ್ತು. ಜೂನ್ ಕೊನೆಯ ಹೊತ್ತಿಗೆ ಪೂರ್ವದ ವಾಳೈಚ್ಚೇನೈನಲ್ಲಿ ಮುಸ್ಲಿಮರ ಅಂಗಡಿ ಮನೆಗಳು ಮತ್ತೆ ಉರಿಯುತ್ತಿದ್ದವು.

ಆದರೂ ಆ ವರ್ಷ ಕೆಲವರು ಪುತ್ತಳಂನಿಂದ ಬಸ್ಸು ಹತ್ತಿ ಜಾಫ್ನಾ ನೋಡಿ ಬಂದರು. ಮನೆಗಳಿಗೆ ಛಾವಣಿ ಇರಲಿಲ್ಲ, ಬಾಗಿಲು ಕಿಟಕಿ ಇರಲಿಲ್ಲ. ಕೆಲವು ಮನೆಗಳಲ್ಲಿ ಬೇರೆ ಕಡೆಯಿಂದ ಯುದ್ಧಕ್ಕೆ ಮನೆ ಕಳೆದುಕೊಂಡ ತಮಿಳು ಕುಟುಂಬಗಳಿದ್ದವು. ಇವರಾದರೂ ಅವರಿಗೆ ಹೊರಡಿ ಎಂದು ಹೇಗೆ ಹೇಳುವುದು?

ಪ್ರಭಾಕರನ್ ಬದುಕಿನ ಕೊನೆಯ ಅಂಕ ಎಲ್ಲರಿಗೂ ತಿಳಿದದ್ದು. 2005ರ ಅಧ್ಯಕ್ಷೀಯ ಚುನಾವಣೆಯಲ್ಲಿ ಉತ್ತರದ ತಮಿಳರು ಮತ ಹಾಕದಂತೆ ತಡೆದು, ಮಹಿಂದ ರಾಜಪಕ್ಸೆ ಅಲ್ಪ ಅಂತರದಲ್ಲಿ ಗೆಲ್ಲಲು ತಾನೇ ಕಾರಣನಾದ. 2009ರ ಜನವರಿಯಲ್ಲಿ ಕಿಳಿನೊಚ್ಚಿ ಬಿತ್ತು. ಹುಲಿಗಳು ಹಿಮ್ಮೆಟ್ಟುತ್ತ ಲಕ್ಷಾಂತರ ತಮಿಳರನ್ನು ತಮ್ಮೊಂದಿಗೇ ಎಳೆದೊಯ್ದರು, ತಪ್ಪಿಸಿಕೊಳ್ಳಲು ನೋಡಿದವರಿಗೆ ಗುಂಡಿಟ್ಟರು. ಸೇನೆ ತಾನೇ ಘೋಷಿಸಿದ 'ಯುದ್ಧರಹಿತ ವಲಯ'ದ ಮೇಲೆ, ಆಸ್ಪತ್ರೆಗಳ ಮೇಲೆ ಶೆಲ್ ಸುರಿಸಿತು. ಆ ಕೆಲವು ತಿಂಗಳಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಮೇ 19ರಂದು ನಂದಿಕಡಲ್ ಹಿನ್ನೀರಿನ ಬಳಿ ಪ್ರಭಾಕರನ್ ಶವವನ್ನು ಟಿವಿಯಲ್ಲಿ ತೋರಿಸಿದರು. ಆತನಿಗೆ 54 ವರ್ಷ. ಹನ್ನೆರಡು ವರ್ಷದ ಕಿರಿಯ ಮಗ ಬಾಲಚಂದ್ರನ್ ಜೀವಂತವಾಗಿ ಮರಳ ಮೂಟೆಗಳ ನಡುವೆ ಕೂತು ಏನೋ ತಿನ್ನುತ್ತಿರುವ ಚಿತ್ರ, ಆಮೇಲೆ ಎದೆಗೆ ಗುಂಡು ಬಿದ್ದು ಮಲಗಿರುವ ಚಿತ್ರ, ಎರಡೂ 2013ರಲ್ಲಿ ಹೊರಬಂದವು. ಕಾತ್ತಾಂಕುಡಿಯ ಮಕ್ಕಳಿಗಾಗಿ ಅತ್ತವರು ಈ ಹುಡುಗನಿಗಾಗಿಯೂ ಅಳಬೇಕಾಗುತ್ತದೆ. ಬೇರೆ ದಾರಿಯಿಲ್ಲ.

ಯುದ್ಧ ಮುಗಿದ ಮೇಲೆ ಉತ್ತರದ ಮುಸ್ಲಿಮರಿಗೆ ಮರಳಿ ಬನ್ನಿ ಎಂದು ಹೇಳಲು ಸರಕಾರಕ್ಕೆ ಅವಸರವಿರಲಿಲ್ಲ. ಇತ್ತೀಚೆಗೆ ಮನೆ ಕಳೆದುಕೊಂಡವರಿಗೆ ಮೊದಲ ಆದ್ಯತೆ. 1990ರವರು 'ಹಳೆಯ ನಿರಾಶ್ರಿತರು', ಅವರ ಸರದಿ ಆಮೇಲೆ. ಮನ್ನಾರ್‌ನ ದಕ್ಷಿಣದ ಹಳ್ಳಿಗಳಿಗೆ ಮರಳಿದವರಿಗೆ ಕಂಡದ್ದು ಕಾಡು. ಇಪ್ಪತ್ತು ವರ್ಷ ಯಾರೂ ಇಲ್ಲದ ಹೊಲಗಳಲ್ಲಿ ಮರ ಬೆಳೆದಿತ್ತು. 2012ರಲ್ಲಿ ಅದರ ದೊಡ್ಡ ಭಾಗವನ್ನು ಸರಕಾರ ರಕ್ಷಿತಾರಣ್ಯವೆಂದು ಘೋಷಿಸಿತು. ತಮ್ಮ ಅಜ್ಜನ ಹೊಲದಲ್ಲಿ ಮರ ಕಡಿದವರು ವಿಲ್ಪಟ್ಟು ಅಭಯಾರಣ್ಯದ ನಾಶಕರೆಂದು ಕೊಲಂಬೊದ ಟಿವಿಗಳಲ್ಲಿ ಕೂಗಾಟವಾಯಿತು. ಇದನ್ನು ಕೂಗಿದವರು ಹುಲಿಗಳಲ್ಲ, ಹುಲಿಗಳನ್ನು ಸೋಲಿಸಿದವರ ಕಡೆಯವರು.

2019ರ ಏಪ್ರಿಲ್ 21ರ ಈಸ್ಟರ್ ದಿನ ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಬಾಂಬ್ ಸಿಡಿಸಿ 250ಕ್ಕೂ ಹೆಚ್ಚು ಜನರನ್ನು ಕೊಂದವರ ನಾಯಕ ಝಹ್ರಾನ್ ಹಾಶಿಮ್ ಕಾತ್ತಾಂಕುಡಿಯವನು. ಹೌದು, ಅದೇ ಕಾತ್ತಾಂಕುಡಿ. ಪ್ರಾರ್ಥನೆಗೆ ನಿಂತವರನ್ನು ಹಿಂದಿನಿಂದ ಕೊಂದ ಗುರುತನ್ನು ಗೋಡೆಯಲ್ಲಿ ಉಳಿಸಿಕೊಂಡ ಊರಿನಿಂದಲೇ, ಪ್ರಾರ್ಥನೆಗೆ ಕುಳಿತವರನ್ನು ಕೊಲ್ಲುವವನೊಬ್ಬ ಹೊರಟ. ಕತೆ ಬರೆಯುವ ನಾವು ಇದನ್ನು ಕತೆಯಲ್ಲಿ ತಂದಿದ್ದರೆ, ಇದು ಕಟ್ಟಿದ್ದು ಎಂದು ಸಂಪಾದಕರು ಮರಳಿಸುತ್ತಿದ್ದರು. ಅದಾದ ಮೇಲೆ ಲಂಕೆಯ ಸಾಮಾನ್ಯ ಮುಸ್ಲಿಮರ ಅಂಗಡಿಗಳು, ಮಸೀದಿಗಳು ಸಿಂಹಳ ಗುಂಪುಗಳ ದಾಳಿಗೆ ಸಿಕ್ಕಿದವು.

ಅದೇ ವರ್ಷ ನವೆಂಬರ್ 16ರಂದು ಅಧ್ಯಕ್ಷೀಯ ಚುನಾವಣೆ. ಉತ್ತರದ ಮುಸ್ಲಿಮರಲ್ಲಿ ಸಾವಿರಾರು ಜನ ಆಗಲೂ ಇದ್ದದ್ದು ಪುತ್ತಳಂನಲ್ಲಿ, ಅವರ ಹೆಸರು ಇದ್ದದ್ದು ಮನ್ನಾರ್‌ನ ಮತದಾರರ ಪಟ್ಟಿಯಲ್ಲಿ. ಊರಿನ ಮೇಲಿನ ಹಕ್ಕಿಗೆ ಉಳಿದಿದ್ದ ದಾಖಲೆ ಅದೊಂದೇ ಎಂದು ಹೆಸರನ್ನು ತೆಗೆಸಿರಲಿಲ್ಲ. ಬೆಳಗಾಗುವ ಮೊದಲೇ ನೂರಕ್ಕೂ ಹೆಚ್ಚು ಬಸ್ಸುಗಳು ಸಾಲಾಗಿ ಮನ್ನಾರ್ ಕಡೆ ಹೊರಟವು. ತಂತಿರಿಮಲೆಯ ಬಳಿ ಯಾರೋ ರಸ್ತೆಯಲ್ಲಿ ಟೈರುಗಳನ್ನು ಸುಟ್ಟು ಅಡ್ಡಗಟ್ಟಿ, ಬಸ್ಸುಗಳತ್ತ ಕಲ್ಲು ತೂರಿ ಗುಂಡು ಹಾರಿಸಿದರು. ಪ್ರಭಾಕರನ್ ಸತ್ತು ಆಗ ಹತ್ತು ವರ್ಷ ಕಳೆದಿತ್ತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಮತಗಟ್ಟೆಗಳು ಬೆಳಿಗ್ಗೆ 7 ಗಂಟೆಗೆ ತೆರೆದವು.